ಒಂದೇ ಹೆಸರು, ಮೂರು ಕ್ಲಬ್ಬು: ನಿಮ್ಮ ಅಕ್ರಿಂಗ್ಟನ್ ಲೇಖನದ ಬಗ್ಗೆ

ನಮಸ್ಕಾರ.

ಅಕ್ರಿಂಗ್ಟನ್ ಸ್ಟ್ಯಾನ್ಲಿ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಕುರಿತು ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು, ಆದರೆ ಕೈಬಿಡುವಂಥ ಬರಹವೂ ಅಲ್ಲ. ಮ್ಯಾಂಚೆಸ್ಟರ್, ಲಿವರ್‌ಪೂಲ್ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಇಂಗ್ಲೆಂಡಿನ ಲ್ಯಾಂಕಾಶೈರಿನ ಒಂದು ಗಿರಣಿ ಊರಿನ ಕ್ಲಬ್ಬನ್ನು ನೀವು ಆರಿಸಿಕೊಂಡಿರುವುದು ನಮಗೆ ನಿಜಕ್ಕೂ ಖುಷಿ ಕೊಟ್ಟಿದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ದೊಡ್ಡ ತಪ್ಪು ಮೊದಲ ಪುಟದಲ್ಲೇ ಇದೆ. 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ ಹನ್ನೆರಡು ಕ್ಲಬ್ಬುಗಳಲ್ಲಿ ಸ್ಟ್ಯಾನ್ಲಿಯೂ ಒಂದು ಎಂದಿದ್ದೀರಿ. ಅಲ್ಲ. ಆ ಹನ್ನೆರಡರಲ್ಲಿ ಇದ್ದದ್ದು ಬರೀ 'ಅಕ್ರಿಂಗ್ಟನ್'. ಊರಿನ ಕ್ರಿಕೆಟ್ ಕ್ಲಬ್ಬಿನ ಮೈದಾನದಲ್ಲಿ ಅದು ಆಡುತ್ತಿತ್ತು (ಶೇನ್ ವಾರ್ನ್ 1991ರಲ್ಲಿ ಆಡಿದ್ದು ಅದೇ ಕ್ರಿಕೆಟ್ ಕ್ಲಬ್ಬಿಗೆ, ನಮ್ಮ ಓದುಗರಿಗಾಗಿ ಈ ಮಾತು ಸೇರಿಸಿ). 1893ರಲ್ಲಿ ಶೆಫೀಲ್ಡ್ ಯುನೈಟೆಡ್ ಎದುರು 1-0 ಸೋತು ಎರಡನೇ ಡಿವಿಷನ್ನಿಗೆ ಇಳಿಯಬೇಕಾಗಿ ಬಂದಾಗ ಅದು ಲೀಗನ್ನೇ ಬಿಟ್ಟಿತು, 1896ರ ಹೊತ್ತಿಗೆ ಮುಚ್ಚಿಹೋಯಿತು. ಸ್ಟ್ಯಾನ್ಲಿ ಬೇರೆಯೇ ಕ್ಲಬ್ಬು: 1891ರಲ್ಲಿ 'ಸ್ಟ್ಯಾನ್ಲಿ ವಿಲ್ಲಾ' ಎಂಬ ಹೆಸರಲ್ಲಿ ಹುಟ್ಟಿ, ಊರಿನ ಹೆಸರು ಖಾಲಿಯಾದ ಮೇಲೆ ಅದನ್ನು ಮುಂದೆ ಸೇರಿಸಿಕೊಂಡಿತು. 1921ರಲ್ಲಿ ಮೂರನೇ ಡಿವಿಷನ್ ಉತ್ತರ ವಿಭಾಗ ಶುರುವಾದಾಗ ಲೀಗ್ ಸೇರಿ, ಪೀಲ್ ಪಾರ್ಕ್ ಮೈದಾನದಲ್ಲಿ ಆಡಿ, 1966ರಲ್ಲಿ ಅದೂ ಮುಚ್ಚಿತು. ಈಗ ಇರುವುದು 1968ರಲ್ಲಿ ಊರಿನವರು ಸಭೆ ಸೇರಿ ಹೊಸದಾಗಿ ಕಟ್ಟಿದ ಮೂರನೆಯದು. ಅದರ ಮೈದಾನ ಕ್ರೌನ್ ಗ್ರೌಂಡ್, ಮೊದಲ ಸೀಸನ್ 1970ರದ್ದು. 'ಕ್ಲಬ್ಬು' ಎಂದು ಬರೆದಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ 1, 2 ಅಥವಾ 3 ಎಂದು ಗುರುತು ಹಾಕಿಕೊಳ್ಳಿ. ಯಾವ ಸಂಖ್ಯೆ ಹಾಕಬೇಕೆಂದು ತಿಳಿಯದ ವಾಕ್ಯವನ್ನು ತಿದ್ದಿ, ಇಲ್ಲವೇ ತೆಗೆಯಿರಿ.

1989ರ ಹಾಲಿನ ಜಾಹೀರಾತಿನಿಂದ ಲೇಖನ ತೆರೆದಿದ್ದೀರಿ: ಹಾಲು ಕುಡಿಯದಿದ್ದರೆ ಅಕ್ರಿಂಗ್ಟನ್ ಸ್ಟ್ಯಾನ್ಲಿಗೆ ಆಡಲಷ್ಟೇ ಲಾಯಕ್ಕಾಗುತ್ತೀಯ ಎಂದು ಲಿವರ್‌ಪೂಲಿನ ಗೋಲುಗಾರ ಇಯಾನ್ ರಶ್ ಹೇಳಿದನಂತೆ ಎಂದು ಒಬ್ಬ ಹುಡುಗ, ಅದು ಯಾರು ಎಂದು ಇನ್ನೊಬ್ಬ. ಈ ಕ್ಲಬ್ಬಿನ ಬಗ್ಗೆ ಬರೆಯುವವರೆಲ್ಲ ಶುರುಮಾಡುವುದು ಅಲ್ಲಿಂದಲೇ. 1989ರ ಜಾಗಕ್ಕೆ ಅದನ್ನು ಸರಿಸಿ, ಎರಡು ವಾಕ್ಯ ಸಾಕು.

ನಿಮ್ಮ ವಸ್ತು ಇರುವುದು 1958ರಿಂದ 1962ರವರೆಗಿನ ನಾಲ್ಕು ವರ್ಷಗಳಲ್ಲಿ. ಅದಕ್ಕೆ ನೀವು ಕೊಟ್ಟಿರುವುದು ಒಂದೇ ಪ್ಯಾರಾ, ಮಿಕ್ಕ ಪುಟಗಳ ತುಂಬ ಸ್ಕೋರುಗಳು. ತಿರುವುಮುರುವು ಮಾಡಿ.

ಆ ವರ್ಷಗಳನ್ನು ಹೀಗೆ ಬಿಡಿಸಬಹುದು. ವಾಲ್ಟರ್ ಗ್ಯಾಲ್‌ಬ್ರೇತ್ ಮ್ಯಾನೇಜರ್ ಆಗಿದ್ದಾಗ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಹನ್ನೊಂದು ಜನರನ್ನೇ ಕಣಕ್ಕಿಳಿಸಿದ್ದನ್ನು ನೀವು ಚೆನ್ನಾಗಿ ಬರೆದಿದ್ದೀರಿ, ಅದಿರಲಿ. ಅಂಥ ತಂಡ ಮೇಲೇರಲಿಲ್ಲ ಏಕೆ? ಉತ್ತರ ವಿಭಾಗದಿಂದ ಬಡ್ತಿ ಸಿಗುತ್ತಿದ್ದದ್ದು ಮೊದಲ ಸ್ಥಾನಕ್ಕೆ ಮಾತ್ರ. ಸ್ಟ್ಯಾನ್ಲಿ 1955ರಲ್ಲೂ 1958ರಲ್ಲೂ ಎರಡನೆಯದು. ಈ ನಿಯಮ ಹೇಳದಿದ್ದರೆ ಆ ಎರಡು ಸೀಸನ್ನುಗಳು ಓದುಗನಿಗೆ ಏನೂ ಅಲ್ಲ. 1958ರಲ್ಲೇ ಆಲ್ಡರ್‌ಷಾಟ್‌ನ ಸೇನಾ ಕವಾಯತು ಪ್ರದರ್ಶನದ ಮೈದಾನದಿಂದ 1,450 ಪೌಂಡ್ ಕೊಟ್ಟು ಪ್ರೇಕ್ಷಕರು ಕೂರುವ ಒಂದು ಹಳೆಯ ಸ್ಟ್ಯಾಂಡ್ ಕೊಂಡರು. ಅದನ್ನು ಬಿಚ್ಚಿ, ದೇಶದ ದಕ್ಷಿಣದಿಂದ ಸಾಗಿಸಿ, ಪೀಲ್ ಪಾರ್ಕಿನಲ್ಲಿ ಮತ್ತೆ ನಿಲ್ಲಿಸುವಷ್ಟರಲ್ಲಿ ಕೊಂಡ ಬೆಲೆಯ ಎಷ್ಟೋ ಪಟ್ಟು ಖರ್ಚಾಯಿತು. ನೀವು ಈ ಸ್ಟ್ಯಾಂಡನ್ನು 'ಕ್ಲಬ್ಬಿನ ಹೆಮ್ಮೆ' ಎಂದು ಒಂದು ಮಾತಲ್ಲಿ ದಾಟಿದ್ದೀರಿ. ಅಲ್ಲಿ ನಿಲ್ಲಬೇಕು.

ಆಮೇಲೆ 1960. ಪೂರ್ವಕ್ಕೆ ಹತ್ತು ಕಿಲೋಮೀಟರ್ ಆಚೆಈಚೆ ದೂರದ ಬರ್ನ್ಲಿ ಇಡೀ ಲೀಗಿನ ಚಾಂಪಿಯನ್. ಪಶ್ಚಿಮಕ್ಕೆ ಇನ್ನೂ ಹತ್ತಿರದ ಬ್ಲ್ಯಾಕ್‌ಬರ್ನ್ ಎಫ್‌ಎ ಕಪ್ ಫೈನಲಿನಲ್ಲಿ. ನಡುವಿನ ಅಕ್ರಿಂಗ್ಟನ್ ಮೂರನೇ ಡಿವಿಷನ್ನಿನ ಕೊನೆಯ ಸ್ಥಾನಕ್ಕೆ ಬಿದ್ದು ನಾಲ್ಕನೇ ಡಿವಿಷನ್ನಿಗೆ. ಶನಿವಾರ ಒಂದು ಬಸ್ಸು ಹತ್ತಿದರೆ ದೇಶದ ಅತ್ಯುತ್ತಮ ಆಟ ಸಿಗುವಾಗ ಪೀಲ್ ಪಾರ್ಕಿನ ಗೇಟಿನಲ್ಲಿ ಹಣ ಎಲ್ಲಿಂದ ಬರಬೇಕು? ಆಟಗಾರರ ಗರಿಷ್ಠ ಸಂಬಳದ ಮಿತಿ 1961ರಲ್ಲಿ ರದ್ದಾದದ್ದೇ ಕ್ಲಬ್ಬು ಮುಳುಗಲು ಕಾರಣ ಎಂಬ ನಿಮ್ಮ ವಾದ ನಿಲ್ಲುವುದಿಲ್ಲ. ಸಾಲ ಅದಕ್ಕೂ ಮೊದಲೇ ಬೆಳೆದಿತ್ತು, ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ ವರ್ಗಾವಣೆ ಬಾಕಿಯೂ ಅದರಲ್ಲಿತ್ತು.

'ಲೀಗಿನಿಂದ ಹೊರಹಾಕಲಾಯಿತು' ಎಂಬ ವಾಕ್ಯವೂ ತಪ್ಪು. 1962ರ ಮಾರ್ಚ್ 2ರಂದು ಕ್ರೂ ಅಲೆಕ್ಸಾಂಡ್ರಾ ಕ್ಲಬ್ಬಿನ ಎದುರು 4-0 ಸೋತ ಕೆಲವೇ ದಿನಗಳಲ್ಲಿ ಕ್ಲಬ್ಬೇ ರಾಜೀನಾಮೆ ಪತ್ರ ಕಳಿಸಿತು. ಹಣ ಕೊಡುವವರು ಮುಂದೆ ಬಂದಾಗ ಅದನ್ನು ಹಿಂಪಡೆಯಲು ನೋಡಿತು. ಲೀಗಿನ ಕಾರ್ಯದರ್ಶಿ ಅಲನ್ ಹಾರ್ಡೇಕರ್ ಕೈಗೆ ಪತ್ರ ಆಗಲೇ ತಲುಪಿತ್ತು. ಲೀಗು ಒಪ್ಪಲಿಲ್ಲ. ನಿಮ್ಮ ಲೇಖನದ ನಡುಗಂಬ ಈ ಪತ್ರವೇ. ಕಳಿಸಿದ್ದು, ಹಿಂಪಡೆಯಹೊರಟಿದ್ದು, ನಿರಾಕರಣೆ, ಈ ಮೂರನ್ನು ಬೇರೆಬೇರೆ ಪ್ಯಾರಾಗಳಲ್ಲಿ, ನಿಧಾನವಾಗಿ ಬರೆಯಿರಿ. ಅಲ್ಲಿ ವಿಶೇಷಣಗಳು ಬೇಡ. 'ಹೃದಯ ಹಿಂಡುವ', 'ದುರಂತಮಯ' ಎರಡನ್ನೂ ಹೊಡೆದುಹಾಕಿದ್ದೇವೆ.

ನೀವು ಕೊಟ್ಟ 1961-62ರ ಅಂಕಪಟ್ಟಿಯಲ್ಲಿ 24 ತಂಡಗಳಿವೆ, ಸ್ಟ್ಯಾನ್ಲಿ ಕೊನೆಯದು. ಅದು ಆಡಿದ್ದ 33 ಪಂದ್ಯಗಳ ಫಲಿತಾಂಶವನ್ನು ಲೀಗು ಅಳಿಸಿಹಾಕಿತು, ಹಾಗಾಗಿ ಅಂತಿಮ ಪಟ್ಟಿಯಲ್ಲಿ ಇರುವುದು 23. ಅರ್ಧಕ್ಕೆ ನಿಂತ ಪಟ್ಟಿಯನ್ನು ನಕಲು ಮಾಡಿದರೆ ಹೀಗಾಗುತ್ತದೆ. ಸೀಸನ್ ಮುಗಿದ ಮೇಲಿನ ಪಟ್ಟಿಯನ್ನೇ ನೋಡಿ.

ಉಳಿದ ಭಾಗ ಬೇಗ ಮುಗಿಸಬಹುದು. ಒಂದನ್ನು ಮಾತ್ರ ಬಿಡಬೇಡಿ: 1987ರವರೆಗೆ ಕೆಳಗಿನ ತಂಡ ಗೆದ್ದ ಮಾತ್ರಕ್ಕೆ ಲೀಗಿಗೆ ಬರುವಂತಿರಲಿಲ್ಲ, ಸದಸ್ಯ ಕ್ಲಬ್ಬುಗಳ ಮತ ಬೇಕಿತ್ತು. ತೆರವಾದ ಜಾಗಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಬಂದದ್ದು ಹಾಗೆ, ಮತದಿಂದ. ಸ್ಟ್ಯಾನ್ಲಿಯನ್ನು ತಳ್ಳಿ ಅಲ್ಲ. ಜಾನ್ ಕೋಲ್ಮನ್ ತಂಡ 2006ರಲ್ಲಿ ಲೀಗಿನ ಕೆಳಗಿನ ಹಂತವಾದ ಕಾನ್ಫರೆನ್ಸ್ ಗೆದ್ದು ನೇರವಾಗಿ ಲೀಗಿಗೆ ಏರಿತು, ಅದೇ ವರ್ಷ ಕೆಳಗಿಳಿದವರಲ್ಲಿ ಆಕ್ಸ್‌ಫರ್ಡ್ ಇತ್ತು. ನೀವು ಇದನ್ನು 'ವಿಧಿಯ ಸೇಡು' ಎಂದಿದ್ದೀರಿ. ಆಕ್ಸ್‌ಫರ್ಡ್ ಯಾರಿಗೂ ಅನ್ಯಾಯ ಮಾಡಿರಲಿಲ್ಲ. ಎರಡು ವಿಷಯಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗಿ. 2018ರ ಲೀಗ್ ಟೂ (ಈಗಿನ ನಾಲ್ಕನೇ ಹಂತ) ಪ್ರಶಸ್ತಿಗೆ ಒಂದು ಪ್ಯಾರಾ ಕೊಡಿ.

ಒಟ್ಟು 1,800 ಪದ ಮೀರದಿರಲಿ, ಅದರಲ್ಲಿ ಅರ್ಧ ಆ ನಾಲ್ಕು ವರ್ಷಗಳಿಗೆ. ಪೌಂಡ್ ಮೊತ್ತಗಳನ್ನು ಇಂದಿನ ರೂಪಾಯಿಗೆ ಪರಿವರ್ತಿಸಬೇಡಿ. ಅರವತ್ತು ವರ್ಷ ಹಿಂದಿನ ಹಣಕ್ಕೆ ಇಂದಿನ ದರ ಹಚ್ಚಿದರೆ ಲೆಕ್ಕ ಸುಳ್ಳಾಗುತ್ತದೆ. ತಿದ್ದಿದ ಪ್ರತಿಯ ಜೊತೆ ಇಸವಿ, ಕ್ಲಬ್ಬು (1, 2 ಅಥವಾ 3), ಡಿವಿಷನ್, ಮೈದಾನ ಎಂಬ ನಾಲ್ಕು ಕಂಬಸಾಲಿನ ಒಂದು ಪುಟದ ಪಟ್ಟಿಯನ್ನೂ ಕಳಿಸಿ. ಅದು ಅಚ್ಚಿಗಲ್ಲ, ನಾವು ಲೇಖನವನ್ನು ಅದರೊಂದಿಗೆ ಹೋಲಿಸಿ ನೋಡುತ್ತೇವೆ.