ಪ್ರತಿಕ್ರಿಯೆ: ಪಂಚಾಯತು ಅಧ್ಯಕ್ಷರನ್ನು ಮತದಾರರ ಸಹಿಯಿಂದ ಇಳಿಸಬಹುದೇ?
2004ರಲ್ಲಿ ವೆನೆಜುವೆಲಾದ ಮತದಾರರು ಸಹಿ ಸಂಗ್ರಹಿಸಿ ಅಧ್ಯಕ್ಷ ಚಾವೆಸ್ ವಿರುದ್ಧ ಜನಮತಗಣನೆ ನಡೆಸಿದಂತೆ ಕಾಸರಗೋಡಿನ ಪಂಚಾಯತಿನಲ್ಲೂ ಆಗದೇ ಎಂದು ಕೇಳಿದ್ದೀರಿ. ಆಗದು. ಕೇರಳದಲ್ಲಿ ಮತದಾರರ ಸಹಿ ಎಷ್ಟಿದ್ದರೂ ಬರೀ ಮನವಿ. 1994ರ ಪಂಚಾಯತ್ ರಾಜ್ ಕಾಯ್ದೆಯ 157ನೇ ಕಲಮಿನಂತೆ ಲೆಕ್ಕಕ್ಕೆ ಬರುವುದು ಸದಸ್ಯರ ಸಹಿ: ಮೂರನೇ ಒಂದು ಭಾಗ, ಅಂದರೆ 15 ವಾರ್ಡಿದ್ದರೆ 5 ಮಂದಿ. ಅವರಲ್ಲಿ ಇಬ್ಬರು ಅವಿಶ್ವಾಸದ ನೋಟಿಸನ್ನು ರಾಜ್ಯ ಚುನಾವಣಾ ಆಯೋಗ ಅಧಿಕಾರ ಕೊಟ್ಟ ಅಧಿಕಾರಿಗೆ ಖುದ್ದಾಗಿ ಕೊಡಬೇಕು. ಗೆಲ್ಲಲು 8 ಮತ ಬೇಕೇ ಬೇಕು, ಹಾಜರಿದ್ದವರ ಬಹುಮತ ಸಾಲದು. ಎಡವುವುದು ಇಲ್ಲೇ! ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇಲ್ಲದೆ ಸಭೆ ಬಿದ್ದರೂ ಮತ್ತೆ 6 ತಿಂಗಳು ಕಾಯಬೇಕು. ಹಾಗಾಗಿ ಮತದಾರರ ಸಹಿಗಳನ್ನು ವಾರ್ಡುವಾರು ಬೇರ್ಪಡಿಸಿ ಆಯಾ ಸದಸ್ಯರ ಕೈಗೇ ಕೊಡಿ. ಮನವಿ ಕನ್ನಡದಲ್ಲೇ ಇರಲಿ, ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ.