ಸಂಪಾದಕರ ಉತ್ತರ: ಹನ್ನೊಂದು ವರ್ಷದ ತಲೆನೋವು

ಅರಸೀಕೆರೆ ಕಡೆಯ ಓದುಗರೊಬ್ಬರು ಹೆಸರು ಬೇಡವೆಂದು ಕೋರಿ ಬರೆದ ಪತ್ರದ ಸಾರ ಇದು: ಹನ್ನೊಂದು ವರ್ಷಗಳಿಂದ ಆಗಾಗ ತಲೆಯ ಒಂದು ಪಕ್ಕ ಸಿಡಿಯುತ್ತದೆ, ಒಗ್ಗರಣೆಯ ವಾಸನೆಗೇ ವಾಕರಿಕೆ ಬರುತ್ತದೆ, ಮುಟ್ಟಿನ ಹಿಂದುಮುಂದಿನ ದಿನಗಳಲ್ಲಂತೂ ಕಿಟಕಿ ಮುಚ್ಚಿ ಕತ್ತಲಲ್ಲಿ ಮಲಗದೆ ವಿಧಿಯಿಲ್ಲ. ತೋರಿಸಿದ ಮೂವರು ವೈದ್ಯರೂ ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಿದರು. ಒಂದು ವಾರ ತಲೆ ನೋಯುತ್ತಿದೆ ಎಂದ ಪತಿಗೆ ಅವರಲ್ಲೇ ಒಬ್ಬರು ಸ್ಕ್ಯಾನಿಂಗ್ ಬರೆದುಕೊಟ್ಟರು. ‘ನನ್ನದು ಬರೀ ಮನಸ್ಸಿನ ಭ್ರಮೆಯೇ?’ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ಭ್ರಮೆಯಲ್ಲ. ನೀವು ಬರೆದಿರುವ ಲಕ್ಷಣಗಳು ಮೈಗ್ರೇನ್, ಅಂದರೆ ಅರೆತಲೆನೋವಿಗೆ ಬಹುಮಟ್ಟಿಗೆ ಹೊಂದುತ್ತವೆ. ಖಚಿತಪಡಿಸಬೇಕಾದವರು ವೈದ್ಯರೇ ಹೊರತು ಸಂಪಾದಕರಲ್ಲ. ಆದರೂ ಇದು ಮಿದುಳು ಮತ್ತು ನರಗಳಿಗೆ ಸಂಬಂಧಿಸಿದ, ಹೆಂಗಸರನ್ನು ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಕಾಡುವ ಕಾಯಿಲೆ ಎಂಬುದರಲ್ಲಿ ಈಗ ಯಾರಿಗೂ ಸಂದೇಹವಿಲ್ಲ. ಮುಟ್ಟಿಗೆ ಮುನ್ನ ಈಸ್ಟ್ರೋಜನ್ ಎಂಬ ಹಾರ್ಮೋನಿನ ಮಟ್ಟ ಇಳಿಯುವುದು ಅದನ್ನು ಕೆರಳಿಸುವ ಕಾರಣಗಳಲ್ಲಿ ಮುಖ್ಯವಾದದ್ದು. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವಯಸ್ಸಿನ 2,329 ಮಂದಿಯನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬಂದಿತ್ತು. ಇಷ್ಟು ಸಾಮಾನ್ಯವಾದ ಕಾಯಿಲೆಗೆ ಹನ್ನೊಂದು ವರ್ಷವಾದರೂ ಒಂದು ಹೆಸರು ಸಿಗಲಿಲ್ಲವೆಂದರೆ ಕೊರತೆ ನಿಮ್ಮದಲ್ಲ.

ಪತಿಯ ಸ್ಕ್ಯಾನಿಂಗ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೈಗ್ರೇನನ್ನು ಗುರುತಿಸುವುದು ರೋಗಿಯ ಮಾತಿನಿಂದ. ಸ್ಕ್ಯಾನಿಂಗಿನಲ್ಲಿ ಅದು ಕಾಣುವುದಿಲ್ಲ. ನಿಮಗೆ ತಪ್ಪಿದ್ದು ಯಂತ್ರವಲ್ಲ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಗಂಟೆ ಇರುತ್ತದೆ, ಬೆಳಕು ಸಹಿಸಲಾಗುತ್ತದೆಯೇ, ಯಾವ ಮಾತ್ರೆ ಎಷ್ಟು ನುಂಗುತ್ತೀರಿ ಎಂದು ಕೇಳುವ ಹತ್ತು ನಿಮಿಷ. ಗಂಡಸಿನ ನೋವಿಗೆ ಕಾರಣ ಹುಡುಕುವುದು, ಹೆಂಗಸಿನ ನೋವಿಗೆ ಅವಳ ಸ್ವಭಾವವನ್ನೇ ಕಾರಣವಾಗಿಸುವುದು, ಇದೇ ಇಲ್ಲಿನ ತಾರತಮ್ಯ.

ಇದು ವೈದ್ಯರ ಕೋಣೆಯಲ್ಲಿ ಶುರುವಾಗುವುದೂ ಅಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯ 2016ರ ಹೊರರೋಗಿಗಳ ಲೆಕ್ಕವನ್ನು, ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗ ಬಿಟ್ಟು, ಪರಿಶೀಲಿಸಿದಾಗ ಒಬ್ಬ ಮಹಿಳೆಯ ಭೇಟಿಗೆ ಪುರುಷರ 1.69 ಭೇಟಿಗಳಿದ್ದವು. ದೆಹಲಿಯವರಲ್ಲೇ ಅದು 1.41 ಇದ್ದರೆ, ಬಿಹಾರದಿಂದ ಬಂದವರಲ್ಲಿ 2.37. ಊರು ದೂರವಾದಷ್ಟೂ ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ನಮ್ಮಲ್ಲಿಯೂ ತಲೆಗೆ ಬಟ್ಟೆ ಬಿಗಿದುಕೊಂಡು, ಬಾಮ್ ಹಚ್ಚಿಕೊಂಡು ರೊಟ್ಟಿ ತಟ್ಟುವವಳನ್ನು ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಹೇಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ ಸಾಲು ಬೇರೆಯೇ ಇದೆ: ‘ಮೆಡಿಕಲ್ ಶಾಪಿನ ಮಾತ್ರೆ ವಾರಕ್ಕೆ ನಾಲ್ಕೈದು ದಿನ’. ಹಲವು ಔಷಧ ಬೆರೆಸಿದ ನೋವಿನ ಮಾತ್ರೆಯನ್ನು ತಿಂಗಳಿಗೆ ಹತ್ತು ದಿನ, ಪ್ಯಾರಾಸಿಟಮಾಲ್‌ನಂಥದ್ದನ್ನು ಹದಿನೈದು ದಿನ, ಹೀಗೆ ಮೂರು ತಿಂಗಳಿಗೂ ಹೆಚ್ಚು ಕಾಲ ನುಂಗಿದರೆ ಮಾತ್ರೆಯೇ ತಲೆನೋವನ್ನು ಬೆಳೆಸಬಲ್ಲದು. ಪದೇ ಪದೇ ಬರುವ ಮೈಗ್ರೇನನ್ನು ತಡೆಯುವ ಔಷಧಗಳು ಬೇರೆ ಇವೆ. ಆದರೆ ಅವುಗಳಲ್ಲಿ ವಾಲ್ಪ್ರೋಯೇಟ್‌ನಂಥವು ಗರ್ಭಿಣಿಯರಿಗೆ ಸಲ್ಲವಾದ್ದರಿಂದ ಮಗುವಿನ ಯೋಚನೆಯಿದ್ದರೆ ಮೊದಲೇ ಹೇಳಿ. ನೋವಿಗೆ ಮುನ್ನ ಕಣ್ಣೆದುರು ಮಿಂಚಿನ ಗೆರೆ ಕಾಣುವವರು, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಅದನ್ನೂ ತಿಳಿಸಲೇಬೇಕು. ಈಸ್ಟ್ರೋಜನ್ ಇರುವ ಗುಳಿಗೆಯಿಂದ ಅಂಥವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ತಲೆನೋವುಗಳೂ ಇವೆ. ಬಾಣಂತಿಯ ತಲೆನೋವನ್ನು ‘ಶೀತ ಆಗಿದೆ’ ಎಂದು ತಳ್ಳಿಹಾಕುವುದುಂಟು. ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಬಾಣಂತನದಲ್ಲಿಯೇ ಹೆಚ್ಚು, ಮತ್ತು ಅದರ ಮೊದಲ ಸೂಚನೆ ಬಹಳ ಸಲ ತಲೆನೋವೇ. ಅಲ್ಲಿ ಸ್ಕ್ಯಾನಿಂಗ್ ಬೇಕೇ ಬೇಕು.

ಒಂದು ತಿಂಗಳು ಕ್ಯಾಲೆಂಡರಿನಲ್ಲಿ ನೋವಿನ ದಿನ, ಮುಟ್ಟಿನ ದಿನ, ನುಂಗಿದ ಮಾತ್ರೆಯ ಹೆಸರು ಗುರುತು ಹಾಕಿಕೊಂಡು ನರರೋಗ ತಜ್ಞರನ್ನು ಕಾಣಿ. ‘ಟೆನ್ಷನ್’ ಎಂದರೆ ಕ್ಯಾಲೆಂಡರನ್ನು ಮುಂದಿಡಿ.

ಕೊನೆಗೆ ನೀವು ಎತ್ತಿದ ಆಕ್ಷೇಪ. ಎರಡು ವರ್ಷದ ಹಿಂದೆ ಇಂಥದ್ದೇ ಪತ್ರಕ್ಕೆ ‘ಚಿಂತೆ ಬಿಡಿ, ಹಾಡು ಕೇಳಿ’ ಎಂದು ಇದೇ ಪುಟದಲ್ಲಿ ಉತ್ತರ ಬಂದಿತ್ತು ಎಂದಿದ್ದೀರಿ. ಹಳೆಯ ಸಂಚಿಕೆ ತೆಗೆದು ನೋಡಿದೆ. ಬರೆದವನು ನಾನೇ. ಆ ಓದುಗರ ವಿಳಾಸ ಕಚೇರಿಯಲ್ಲಿದೆ; ಈ ಸಂಚಿಕೆಯ ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ.