ಗೋಡಿ ಚಿತ್ರದ ಮುಂದ ಹೋಗೋರ ಫೋಟೋ

ಪ್ರಶ್ನೆ: ಸರ್, ನಮ್ಮ ಓಣ್ಯಾಗ ಶಾಲಿ ಕಂಪೌಂಡಿಗೆ ದೊಡ್ಡ ದೊಡ್ಡ ಚಿತ್ರ ಬರ್ದಾರ, ಅದರ ಮುಂದ ಹೋಗೋ ಬರೋ ಮಂದಿ ಫೋಟೋ ತೆಗೀತೀನಿ. ಎಲ್ಲಾರೂ ಗೋಡಿಗೆ ಅಂಟಿಸಿದಂಗ ಕಾಣ್ತಾರ. ಗೆಳ್ಯಾರು ಬ್ಯಾರೆ, ‘ಚಿತ್ರ ಬರ್ದವ ಯಾರೋ, ಇದ್ರಾಗ ನಿಂದೇನದ’ ಅಂತಾರ. ಏನ್ ಮಾಡ್ಲಿ?
– ಒಬ್ಬ ಓದುಗ, ರಾಯಚೂರು

ಉತ್ತರ: ಗೆಳ್ಯಾರ ಮಾತು ಅರ್ಧ ಖರೆ ಅದ. ಬರೀ ಚಿತ್ರ ಚಂದ ಅದ ಅಂತ ತೆಗೆದ್ರ ಅದು ಬರ್ದವರ ಕೆಲಸಾನೇ, ಆದ್ರ ಆ ಚಿತ್ರಕ್ಕೂ ಮುಂದ ಹೊಂಟ ಮನಷ್ಯಾಗೂ ಒಂದು ನಂಟು ನಿಮ್ಮ ಕಣ್ಣಿಗೆ ಬಿತ್ತಂದ್ರ ಅದು ನಿಮ್ದು. 1932ರಾಗ ಪ್ಯಾರಿಸ್‌ನ ಒಂದು ರೈಲ್ವೆ ಸ್ಟೇಷನ್ ಹಿಂದ ಫ್ರಾನ್ಸಿನ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯೆ ಬ್ರೆಸಾನ್ ತೆಗೆದ ಫೋಟೋ ಹುಡುಕಿ ನೋಡ್ರಿ, ನಿಂತ ನೀರು ದಾಟಾಕ ಒಬ್ಬಾತ ಜಿಗ್ದಾನ, ಹಿಂದಿನ ಪೋಸ್ಟರ್‌ನಾಗಿನ ಡಾನ್ಸರ್ ಕೂಡ ಹಂಗೇ ಗಾಳ್ಯಾಗ ಅದಾರ.

ನಾನೂ ಒಂದು ಗೋಡಿ ಮುಂದ ಎಷ್ಟೋ ಮುಂಜಾನಿ ನಿಂತೀನಿ. ಎಡಕ್ಕ ಮುಖ ಮಾಡಿದ ನವಿಲು ಬರ್ದಿದ್ರು, ಆಮ್ಯಾಲ ಗೇಟ್ ಇಡಾಕ ಗೋಡಿ ಒಡೆದು ಅದರ ಗರಿಯೆಲ್ಲಾ ಹೋಗಿತ್ತು. ಒಂದಿನ ಕಸಬರಿಗಿ ಮಾರೋ ಅಜ್ಜಾರು ಸೈಕಲ್ ಮ್ಯಾಲ ಬಲಕ್ಕ ಹೊಂಟ್ರು, ಕ್ಯಾರಿಯರ್‌ಗೆ ಕಟ್ಟಿದ್ದ ಕಸಬರಿಗಿ ಕಟ್ಟು ಸರಿಯಾಗಿ ಗರಿ ಇರಬೇಕಾದ ಜಾಗಕ್ಕ ಬಂತು. ಆಗ ತೆಗೆದ ಫೋಟೋ ಅಜ್ಜಾರಿಗೆ ತೋರ್ಸಿದ್ರ ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ರು.

ಅಂಟಿಸಿದಂಗ ಯಾಕ ಕಾಣ್ತದ ಅಂದ್ರ, ಗೋಡಿ ಬಣ್ಣಾನೂ ಅರಿವಿ ಬಣ್ಣಾನೂ ಕಲೆತು ಬಿಡ್ತಾವ, ಮಂದಿ ಗೋಡಿ ಬಾಜೂನೇ ಹೋಗ್ತಿರ್ತಾರ, ನೀವು ಕಾಲು ಕಟ್ ಮಾಡಿ ಸೊಂಟದ ಮ್ಯಾಲಷ್ಟೇ ಇಟ್ಟಿರ್ತೀರಿ. ಹಿಂದ ಸರಿದು ಫುಟ್‌ಪಾತ್ ಸೇರ್ಸ್ರಿ, ಹೆಜ್ಜಿ ಕತ್ರಿಯಂಗ ಬಿಚ್ಚಿದಾಗ ಒತ್ರಿ. ಬಣ್ಣದ ಗೋಡಿಗೆ ಬಿಳಿ ಧೋತ್ರ, ಒಂದೇ ಬಣ್ಣದ ಸೀರಿ ಬರೋತನಕ ಕಾಯ್ರಿ. ಕ್ಯಾಮೆರಾ ಇದ್ರ ಶಟರ್ (ಬೆಳಕು ಒಳಗ ಬಿಡೋ ಹೊತ್ತು) ಸೆಕೆಂಡಿನ 1/500, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8 ಇಡ್ರಿ, ಮಂದಿ ಹೋಗೋ ಜಾಗಕ್ಕ ಮೊದ್ಲೇ ಫೋಕಸ್ ಮಾಡಿಟ್ಟು ಬಿಡ್ರಿ. ಮೊಬೈಲ್ ಆದ್ರ ಆ ಜಾಗ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಒಂದರ ಹಿಂದ ಒಂದು ತೆಗೀರಿ. ನಮ್ಮ ಕಡೆ ಮಧ್ಯಾಹ್ನದ ಬಿಸಿಲಾಗ ಕಣ್ಣು ಹುಬ್ಬಿನ ನೆರಳಾಗ ಮುಚ್ಚಿ ಹೋಗ್ತಾವ, ಮೂಡಣಕ್ಕ ಮುಖ ಇರೋ ಗೋಡಿಗೆ ಮುಂಜಾನಿ ಹೋಗ್ರಿ, ಪಡುವಣದ ಗೋಡಿಗೆ ಸಂಜಿಕ್ಕ, ಆಗ ಮನಷ್ಯಾನ ನೆರಳೂ ಗೋಡಿ ಮ್ಯಾಲ ಬಿದ್ದು ಚಿತ್ರದಾಗ ಸೇರ್ತದ.

ಯಾರಾದ್ರೂ ಬ್ಯಾಡ ಅಂದ್ರ ಅವ್ರ ಮುಂದೇ ಡಿಲೀಟ್ ಮಾಡ್ರಿ. ಗೋಡಿ ಮೂಲ್ಯಾಗ ಬರ್ದವರ ಸಹಿ ಇದ್ರ ಫೋಟೋ ಕೆಳಗ ಆ ಹೆಸರು ಹಾಕ್ರಿ, ಮಾರೋದಿದ್ರ ಅವ್ರನ್ನ ಕೇಳೇ ಮಾರ್ರಿ. ಅಜ್ಜಾರಿಗೆ ನಾನು ಒಂದು ಪ್ರಿಂಟ್ ಕೊಟ್ಟೆ, ಮಡಚಿದ್ರ ಕೆಡ್ತದಂತ ಅಂಗಿ ಒಳಗ ಎದಿಗೆ ಹಚ್ಚಿಕೊಂಡು ಹೋದ್ರು.